ಕುಲಾಸನ ಅರ್ಧ ಪಿಸ್ತೂಲು

"ಅಲ್ಲಾಡ್ಬೇಡ, ಡೋಮಿಂಗ್!"

ಕತ್ತಿನ ಹಿಂದೆ ತಣ್ಣಗೆ ಏನೋ ಒತ್ತಿತು. ಫಾರ್ಟಿಫೈವ್ ಪಿಸ್ತೂಲು! ಮನೆಮನೆಯಲ್ಲೂ ಪಿಸ್ತೂಲು ಮಾಡುವ ನಮ್ಮ ದಾನಾವ್ ಊರಿನಲ್ಲಿ ಹುಟ್ಟಿದವನು ಅದನ್ನು ತಿರುಗಿ ನೋಡಬೇಕಿಲ್ಲ.

ದನಿ ಉರ್ಬಾನೊನದು. ಮೇಯರ್ ಚುನಾವಣೆಗೆ ನಿಂತವನು. ಎದುರಾಳಿಯನ್ನು ಹಾಡಹಗಲೇ ಕೊಂದವನು. ಕೊಂದ ಪಿಸ್ತೂಲು ಮಾಡಿಕೊಟ್ಟದ್ದು ನನ್ನ ಗೆಳೆಯ ಕುಲಾಸ್. ಕೋರ್ಟಿನಲ್ಲಿ ಹೇಳಿಬಿಡುತ್ತೇನೆ ಅಂದ ಪುಣ್ಯಾತ್ಮ! ಅಂದೇ ಅವನನ್ನು ಲೇಟೆ ದ್ವೀಪದ ದೋಣಿ ಹತ್ತಿಸಿದೆ. ಉರ್ಬಾನೊಗೆ ಅದು ಗೊತ್ತಿಲ್ಲ... ಗೊತ್ತಿದ್ದರೆ ಮಾತಾಡದೆ ಗುಂಡು ಹಾರಿಸುತ್ತಿದ್ದ.

ಮೇಜಿನ ಮೇಲೆ ಠಣ್ಣೆಂದು ಒಂದು ಸ್ಲೈಡ್ ಬಿತ್ತು. ಪಿಸ್ತೂಲಿನ ಮೇಲರ್ಧ.

"ನಿನ್ನ ಗೆಳೆಯನ್ನ ನಮ್ ಹುಡುಗ್ರು ಮುಗಿಸಿದ್ರಂತೆ. ಹೆಣ ಸಮುದ್ರದ ಪಾಲು. ಇದೇ ಸಾಕ್ಷಿಯಂತೆ."

ಸ್ಲೈಡನ್ನು ಹತ್ತಿರ ಎಳೆದುಕೊಂಡೆ.

"ಮತ್ತೆ ನನ್ನ ಹತ್ರ ಯಾಕ್ ಬಂದ್ರಿ ಯಜಮಾನ್ರೇ?"

"ಬಾಡಿಗೆ ರೌಡಿಗಳನ್ನ ನಂಬಕ್ಕಾಗುತ್ತೇನಯ್ಯಾ? ನಿನ್ ಅರ್ಧ ತೆಗಿ. ಎರಡೂ ಸರಿಯಾಗಿ ಕೂತ್ರೆ ಅವನು ಸತ್ತ. ಕೂರದಿದ್ರೆ... ಹುಡುಕ್ತಾನೇ ಇರ್ತೀನಿ!"

ನಮ್ಮ ಅರ್ಧರ್ಧದ ಕತೆ ಊರಿಗೆಲ್ಲ ಗೊತ್ತು. ಇಬ್ಬರೂ ಸೇರಿ ಮಾಡಿದ ಮೊದಲ ಪಿಸ್ತೂಲು. ಕೆಳಗಿನ ಫ್ರೇಮ್ ನಾನು ಉಜ್ಜಿದ್ದು, ಸ್ಲೈಡ್ ಅವನು. ಅವರವರು ಮಾಡಿದ ಅರ್ಧ ಅವರವರೇ ಇಟ್ಟುಕೊಂಡೆವು.

"ಜಗಳ ಆದ್ರೂ ಒಬ್ರಿಗೊಬ್ರು ಗುಂಡು ಹೊಡಿಯೋ ಹಾಗಿಲ್ಲ ಕಣೋ!" ಅಂದು ನಕ್ಕಿದ್ದ ಕುಲಾಸ್.

ಜಪಾನಿಯರ ಕಾಲದಲ್ಲಿ ನಮ್ಮ ಅಜ್ಜಂದಿರು ಗುಡ್ಡದಲ್ಲಿ ಅಡಗಿ, ಅಮೆರಿಕನ್ ಪಿಸ್ತೂಲು ಬಿಚ್ಚಿಟ್ಟುಕೊಂಡು, ಅರದಲ್ಲಿ ಉಜ್ಜಿ ನಕಲು ಮಾಡಿದರು. ಈಗ ಅದೇ ನಕಲು ಲೈಸೆನ್ಸ್ ಇರುವ ಕಾರ್ಖಾನೆಗಳಲ್ಲಿ ಅಗ್ಗಕ್ಕೆ ಉದುರುತ್ತದೆ. ಅಲ್ಲಿ ಯಾವ ಸ್ಲೈಡಾದರೂ ಯಾವ ಫ್ರೇಮಿಗಾದರೂ ಕೂರುತ್ತದೆ. ನಮ್ಮದು ಹಾಗಲ್ಲ. ಕೈಕೆಲಸ. ಒಂದಕ್ಕೆ ಒಂದೇ ಜೋಡಿ.

ಗೂಡಿನಿಂದ ಫ್ರೇಮ್ ತೆಗೆದೆ. ಸ್ಲೈಡಿನ ಮೇಲೆ ಕುಲಾಸನ ಗುರುತು ಇತ್ತು, ಪುಟ್ಟ ಮೀನು. ಅವನದಾದರೆ ಬೆಣ್ಣೆಯ ಹಾಗೆ ಜಾರಬೇಕು. ಜಾರದಿರಲಿ ದೇವರೇ...

ತಳ್ಳಿದೆ.

ಅರ್ಧದಲ್ಲಿ ತಡೆಯಿತು! ಕೂದಲೆಳೆಯಷ್ಟು ತೊಡಕು.

ಹೆಬ್ಬೆರಳಲ್ಲಿ ಒತ್ತಿದೆ. ಹೋಯಿತು. ಆದರೆ ಒಳಗೆ ಸಣ್ಣಗೆ ಲೊಡಲೊಡ. ಯಾರೋ ಮೀನಿನ ಗುರುತನ್ನೂ ಸೇರಿಸಿ ನಕಲು ಹೊಡೆದಿದ್ದಾರೆ. ನಕಲಿಗೂ ನಕಲು! ರೌಡಿಗಳು ಯಜಮಾನನಿಗೇ ಟೋಪಿ ಹಾಕಿದ್ದಾರೆ!

ಕುಲಾಸ್ ಬದುಕಿದ್ದಾನೆ!

ಉರ್ಬಾನೊ ಬಗ್ಗಿ ನೋಡಿದ. ಅವನಿಗೆ ಕಂಡದ್ದು ಇಷ್ಟೇ, ಪಿಸ್ತೂಲು ಪೂರ್ತಿಯಾಗಿತ್ತು.

"ಏನಂತೀಯ?"

ನಿಜ ಹೇಳಿದರೆ ಬೇಟೆ ಮುಂದುವರಿಯುತ್ತದೆ. ಸುಳ್ಳು ಹೇಳಿದರೆ ನಿಲ್ಲುತ್ತದೆ... ಆದರೆ ಸತ್ತವನು ಊರಿಗೆ ಬರುವ ಹಾಗಿಲ್ಲ. ಕಾಗದ ಬರೆಯುವ ಹಾಗಿಲ್ಲ. ನನ್ನೆದುರು ಅವನು ಕೂರುತ್ತಿದ್ದ ಸ್ಟೂಲು ಇನ್ನು ಖಾಲಿ. ಯಾವತ್ತಿಗೂ.

"ಅವನದೇ," ಅಂದೆ.

ಅಳು ಬಂತು. ನಾಟಕವಲ್ಲ, ನಿಜವಾದ ಅಳು.

ಉರ್ಬಾನೊ ನನ್ನ ಬೆನ್ನು ತಟ್ಟಿದ. ಕುಲಾಸನ ಹೆಸರಿನಲ್ಲಿ ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸಿದ. ಬಂದವರಿಗೆಲ್ಲ ಬ್ರೆಡ್ಡು, ಕಾಫಿ. ಕೊಲೆಗಾರನ ಕಾಫಿ ಚೆನ್ನಾಗಿಯೇ ಇತ್ತು.

ಅಂದಿನಿಂದ ಇಷ್ಟು ವರ್ಷ ಒಣಮೀನು, ಅನ್ನ ಒಬ್ಬನೇ ಉಂಡೆ. ಮಾತಿಗೆ ಜನವಿರಲಿಲ್ಲ. ನಿಜ ಹೇಳಿದ್ದರೆ ಅವನ ಜೀವಕ್ಕೇ ಕುತ್ತು. ಇವತ್ತು ನಿಮಗೆ ಹೇಳುತ್ತಿದ್ದೇನೆ, ಯಾಕಂದರೆ ಉರ್ಬಾನೊನ ಶವಯಾತ್ರೆ ಈಗಷ್ಟೇ ಈ ಬೀದಿ ದಾಟಿತು.

ಪ್ರತಿ ನವೆಂಬರ್ ಸತ್ತವರ ಹಬ್ಬಕ್ಕೆ ಕುಲಾಸನಿಗೊಂದು ಮೇಣದಬತ್ತಿ ಹಚ್ಚಿದೆ. ಊರಲ್ಲಿ ಅವನಿಗೆ ಹಚ್ಚಿದವನು ನಾನೊಬ್ಬನೇ... ಅವನು ಸತ್ತಿಲ್ಲ ಅಂತ ಗೊತ್ತಿದ್ದವನೂ ನಾನೊಬ್ಬನೇ!