ಖಂಡೇಪೂಜೆಗೆ ಇಟ್ಟ ಕಂಪ್ಯೂಟರ್

ದಸರಾ ಮುಗಿದ ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಮಣಿಕೊಂಡದ ನಿವೃತ್ತ ಸರ್ಕಾರಿ ನೌಕರರಾದ ಮಂದಾಕಿನಿಯವರು ಮನೆಯ ಕಂಪ್ಯೂಟರನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಠಾಣೆಗೆ ಬಂದರು. ಆಟೋದವನು ಹಿಡಿದುಕೊಳ್ಳಲು ಬಂದರೂ ಕೊಡಲಿಲ್ಲವಂತೆ. ಪರದೆಯ ಅಂಚಿಗೆ ಹಚ್ಚಿದ ಕುಂಕುಮ ಹಾಗೇ ಇತ್ತು.

ಇನ್‌ಸ್ಪೆಕ್ಟರ್ ಗೊಲ್ಲಾಳಪ್ಪ ಯಾದಗಿರಿ ಕಡೆಯಿಂದ ಪಟಾನ್‌ಚೆರುವಿಗೆ ಕೂಲಿಗೆ ಬಂದವರ ಮಗ. ತೆಲುಗಿನಲ್ಲಿ ಶುರುವಾದ ಆಕೆಯ ಮಾತು ಎರಡನೇ ವಾಕ್ಯಕ್ಕೇ ಕನ್ನಡಕ್ಕೆ ಜಾರಿದ್ದು ಕಂಡು ತಾವೂ ಕನ್ನಡಕ್ಕಿಳಿದರು.

"ಏನು ಹೋಗೇತಿ ಅಮ್ಮಾರ?"

"ನನ್ನ ಮಗಳ ಧ್ವನಿರಿ."

ಮಗಳು ಹರ್ಷದಾ ಡೆಂಗಿ ಜ್ವರದಲ್ಲಿ ತೀರಿಕೊಂಡು ಮೂರು ವರ್ಷ. ಅವಳು ಹಾಡಿದ ದೇವರನಾಮಗಳೆಲ್ಲ ಆ ಕಂಪ್ಯೂಟರಿನಲ್ಲಿದ್ದವು. ದಿನಾ ದೀಪ ಹಚ್ಚಿದ ಮೇಲೆ ತಾಯಿ ಕೂತು ಕೇಳುತ್ತಿದ್ದರು. ದಸರಾ ಸಂಜೆ ಚಾಲೂ ಮಾಡಿದರೆ ಒಂದು ಹಾಡೂ ತೆರೆಯಲಿಲ್ಲ. ಎಲ್ಲಕ್ಕೂ ಬೀಗ ಬಿದ್ದಿದೆ ಎಂಬ ಒಂದು ಸಾಲು ಮಾತ್ರ ಪರದೆಯ ಮೇಲಿತ್ತು. ಎರಡನೇ ಪ್ರತಿ ಇಟ್ಟಿದ್ದ ಚಿಕ್ಕ ಹಾರ್ಡ್‌ಡಿಸ್ಕಿನದೂ ಅದೇ ಪಾಡು.

"ಮನ್ಯಾಗ ಯಾರ್ಯಾರು ಇರ್ತೀರಿ?"

"ಹರ್ಷದಾ ಹೋದ ಮ್ಯಾಲೆ ಯಾರಿದ್ದಾರ್ರಿ. ನಾ ಒಬ್ಬಾಕೀನ ಅನ್ರಿ."

ಎಫ್‌ಐಆರ್ ದಾಖಲಾಯಿತು. ಕಂಪ್ಯೂಟರ್, ಡಿಸ್ಕು ಎರಡನ್ನೂ ಜಪ್ತಿ ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರು. ಗೊಲ್ಲಾಳಪ್ಪನವರಿಗೆ ಒಂದು ವಿಷಯ ಕಾಡುತ್ತಿತ್ತು. ಬೀಗ ಹಾಕುವ ವೈರಸ್ಸಿನವರು ಬೀಗ ತೆಗೆಯಲು ಏನಾದರೂ ಕೇಳಿಯೇ ಕೇಳುತ್ತಾರೆ. ಈ ಕಳ್ಳ ಏನನ್ನೂ ಕೇಳಿರಲಿಲ್ಲ. ಏನೂ ಬೇಡದ ಕಳ್ಳನಷ್ಟು ಕೆಟ್ಟವನು ಇನ್ನೊಬ್ಬನಿಲ್ಲ.

ಮೊದಲ ಅನುಮಾನ ಹೋದದ್ದು ಆ ಕಂಪ್ಯೂಟರನ್ನು ನೋಡಿಕೊಳ್ಳುತ್ತಿದ್ದ, ಕಾಚಿಗೂಡದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಪರಮೇಶನ ಮೇಲೆ. ಮಹಿಳಾ ಕಾನ್‌ಸ್ಟೇಬಲ್ ಜಯಮ್ಮ ಹೋಗಿ ಕರೆತಂದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಠಾಣೆಯ ಬೆಂಚಿನ ಮೇಲೆ ಕೂತರೆ ಸಾಚಾ ಮನುಷ್ಯನದೂ ಅಷ್ಟೇ.

"ದಸರಾ ಸಂಜೀಗೆ ಮಂದಾಕಿನಿ ಬಾಯಾರು ಫೋನ್ ಮಾಡಿದ್ರು, ಹೋಗಿ ನೋಡಿದೆ. ಪೂರಾ ಅಳಿಸಿ ಹೊಸದಾಗಿ ಹಾಕಿದ್ರ ಮಷಿನ್ ಬದುಕತೈತ್ರಿ, ಒಳಗಿಂದು ಬದುಕಂಗಿಲ್ಲ. ಬೀಗ ಹಾಕಿದವ್ರs ಕೀಲಿ ಕೊಡಬೇಕು. ಏನೂ ಮುಟ್ಟಬ್ಯಾಡ್ರಿ, ಸ್ಟೇಷನ್ನಿಗೆ ಒಯ್ರಿ ಅಂದೆ."

"ಮೊದಲು ಅದನ್ನ ಮುಟ್ಟಿದ್ದಿಲ್ಲ?"

"ಹೋದ ವರ್ಷ ಹಾಡು ಕತ್ತರಿಸಿಕೊಟ್ಟಿದ್ದೆ. ಅಕ್ಕ ತಂಗಿ ಕೂಡಿ ಹಾಡಿದ್ದು, ಒಂದು ಸಾಲು ಅಕ್ಕ, ಒಂದು ಸಾಲು ತಂಗಿ. ತಂಗಿ ಸಾಲು ತೆಗಿ ಅಂದ್ರು. ತೆಗೆದು ಆ ಜಾಗ ಖಾಲಿ ಬಿಟ್ಟೆ."

"ಮೂಲ ಹಾಡು?"

"ಅದನ್ನೂ ಅಳಿಸು ಅಂದ್ರು."

ಗೊಲ್ಲಾಳಪ್ಪ ಪೆನ್ನು ಕೆಳಗಿಟ್ಟರು. ದೂರಿನಲ್ಲಿ ತಂಗಿಯೇ ಇರಲಿಲ್ಲ.

ಮಧ್ಯಾಹ್ನ ಸ್ಥಳ ಪಂಚನಾಮೆಗೆ ಮನೆಗೆ ಹೋದಾಗ ಬಾಗಿಲಲ್ಲಿ ಹರೆಯದ ಹುಡುಗಿಯ ಚಪ್ಪಲಿ, ಹಗ್ಗದ ಮೇಲೆ ಅವಳ ಚೂಡಿದಾರ್ ಕಂಡವು.

"ಇವು ಯಾರವ್ರಿ?"

"ಸಣ್ಣಾಕೀದು. ಭಕ್ತಿ ಅಂತ. ಆಫೀಸಿಗೆ ಹೋಗ್ಯಾಳ."

"ಏನು ಕೆಲಸ?"

"ಕಂಪ್ಯೂಟರಿಗೆ ಇಂಥಾ ರೋಗ ಬರದಂಗ ನೋಡ್ಕೊಳ್ಳೋದಂತ."

"ಹಂಗಾದ್ರ ಆಕೀಗೆ ತೋರಿಸಬೇಕಿತ್ತಲ್ರಿ."

"ಆಕೀಗೇನು ಗೊತ್ತಾಗ್ತದ್ರಿ."

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸರಿ. ಈ ತಾಯಿಗೆ ಹಿತ್ತಲಲ್ಲಿ ಗಿಡವಿದೆ ಎಂಬುದೇ ಮರೆತಿತ್ತು. ಜಯಮ್ಮನಿಗೆ ಸಿಟ್ಟು ಬಂತು, ಆದರೆ ಪಂಚನಾಮೆಯಲ್ಲಿ ಸಿಟ್ಟು ಬರೆಯಲು ಜಾಗವಿಲ್ಲ.

ಮೂರು ದಿನಕ್ಕೆ ಪ್ರಯೋಗಾಲಯದ ವರದಿ ಬಂತು. ಮಹಾನವಮಿಯ ಮಧ್ಯಾಹ್ನ ಯಾರೋ ಕಂಪ್ಯೂಟರ್ ಚಾಲೂ ಮಾಡಿ, ಡಿಸ್ಕನ್ನು ಅದಕ್ಕೆ ಜೋಡಿಸಿ, ಪೆನ್‌ಡ್ರೈವಿನಿಂದ ಆ ವೈರಸ್ಸನ್ನು ಬಿಟ್ಟಿದ್ದರು. ಗೊಲ್ಲಾಳಪ್ಪ ಮಂದಾಕಿನಿಯವರನ್ನು ಮತ್ತೆ ಕೇಳಿದರು.

"ಡಿಸ್ಕು ಎಲ್ಲಿ ಇಡ್ತಿದ್ರಿ?"

"ಬೆಳ್ಳಿ ಸಾಮಾನಿನ ಜೋಡಿ ಅಲಮಾರಿಯೊಳಗ. ಕೀಲಿ ನನ್ನ ಸೆರಗಿನ್ಯಾಗ. ವರ್ಷಕ್ಕೊಮ್ಮೆ ನವಮಿ ದಿನ ಖಂಡೇಪೂಜಿಗೆ ಹೊರಗ ತೆಗೀತೀನಿ. ವೀಣಾ, ಈಳಗಿ, ಕಂಪ್ಯೂಟರು, ಡಿಸ್ಕು ಎಲ್ಲಾ ಕೂಡಿಸಿ ಕುಂಕುಮ ಹಚ್ಚಿ, ದಸರಾ ತನಕ ಯಾರೂ ಮುಟ್ಟಂಗಿಲ್ಲ."

"ನವಮಿ ಮಧ್ಯಾಹ್ನ ಮನ್ಯಾಗ ಯಾರಿದ್ರು?"

"ಹೋಳಿಗಿ ಊಟ ಮಾಡಿ ನಾ ಮಲಗಿದ್ದೆ. ಭಕ್ತಿ ಎಚ್ಚರ ಇದ್ಲು."

ಎರಡೂ ಪ್ರತಿ ಒಂದೇ ಕಡೆ ಸಿಗುವುದು ವರ್ಷಕ್ಕೊಮ್ಮೆ. ಆ ಹೊತ್ತು ಹೊರಗಿನ ಕಳ್ಳನಿಗೆ ತಿಳಿಯುವಂಥದ್ದಲ್ಲ. ಸೂರ್ಯ ಮುಳುಗಿದ್ದ, ಹೆಂಗಸರನ್ನು ಆ ಹೊತ್ತಿಗೆ ಬಂಧಿಸುವಂತಿಲ್ಲ. ಮರುದಿನ ಬೆಳಿಗ್ಗೆ ಜಯಮ್ಮ ಹೋದಾಗ ಭಕ್ತಿ ಡಬ್ಬಿಗೆ ಚಪಾತಿ ಕಟ್ಟಿಕೊಳ್ಳುತ್ತಿದ್ದಳು. ಕೈ ತೊಳೆದುಕೊಂಡು ಜೀಪು ಹತ್ತಿದಳು.

"ಯಾಕ ಮಾಡಿದಿ, ತಂಗಿ?" ಠಾಣೆಯಲ್ಲಿ ಗೊಲ್ಲಾಳಪ್ಪ ಕೇಳಿದರು.

"ಒಂದಿನ ಅಡಿಗಿಮನ್ಯಾಗಿದ್ದೆ. ಅಕ್ಕ ಒಂದು ಸಾಲು ಹಾಡಿದ್ಲು. ಮುಂದಿನ ಸಾಲು ನಂದು. ಬರಲೇ ಇಲ್ಲ. ಅಮ್ಮ ತಾಳ ಹಾಕ್ಕೋತ ಅಕ್ಕನ ಸಾಲಿಗೆ ಕಾಯ್ತಿದ್ಲು."

"ಕೀಲಿ ಅಳಿಸಿಯೇನು?"

"ಇಲ್ರಿ. ಫೋನಿನ್ಯಾಗ ಅದ. ನನ್ನ ಕೆಲಸs ಇದಲ್ರಿ, ಅಮ್ಮ ಕೇಳ್ತಾಳ ಅನ್ಕೊಂಡಿದ್ದೆ. ಭಕ್ತಿ, ನೋಡವಾ ಅಂದಿದ್ರ ಆವಾಗs ತೆಗೆದುಕೊಡ್ತಿದ್ದೆ. ಬನ್ನಿ ಕೊಟ್ಟು ಕಾಲಿಗೆ ಬಿದ್ದು, ಬಂಗಾರದಂಗ ಇರೋಣ ಅಂದೆ. ಬನ್ನಿ ತಗೊಂಡು ಅಕ್ಕನ ಫೋಟೋಕ್ಕ ಇಟ್ಟು ಕಾಚಿಗೂಡಕ್ಕ ಫೋನ್ ಹಚ್ಚಿದ್ಲು."

ಭಕ್ತಿ ಕೊಟ್ಟ ಕೀಲಿಯಿಂದ ಸಂಜೆಯೊಳಗೆ ಹಾಡುಗಳೆಲ್ಲ ತೆರೆದುಕೊಂಡವು. ಕಂಪ್ಯೂಟರ್ ಕೋರ್ಟಿಗೆ ಹೋಗಬೇಕು. ಹಾಡುಗಳ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಗುರುತಿಸಲು ಮಂದಾಕಿನಿಯವರನ್ನು ಕರೆಸಿದರು. ಹಾಡು ಶುರುವಾಯಿತು. ಒಂದು ಸಾಲು ಮುಗಿದು ಸದ್ದು ನಿಂತಿತು. ಮಷಿನ್ ಕೆಟ್ಟಿತೆಂದು ಜಯಮ್ಮ ಕೈ ಚಾಚಿದರು. ಮಂದಾಕಿನಿ ತೊಡೆಯ ಮೇಲೆ ತಾಳ ಹಾಕುತ್ತಲೇ ಇದ್ದರು. ಪಕ್ಕದ ಕೋಣೆಯಲ್ಲಿ ಭಕ್ತಿ ಗೋಡೆಗೆ ಒರಗಿ ಕೂತಿದ್ದಳು. ಮತ್ತೆ ಅಕ್ಕನ ಧ್ವನಿ ಬಂತು.

"ಎಲ್ಲಾ ಸರಿ ಐತೇನ್ರಿ?" ಗೊಲ್ಲಾಳಪ್ಪ ಕೇಳಿದರು.

"ಎಲ್ಲಾ ಅದ. ಏನೂ ಕಡಿಮಿ ಇಲ್ರಿ."

ಹಾಗೆಂದೇ ಪಂಚನಾಮೆಯಲ್ಲಿ ಬರೆದು ಸಹಿ ಮಾಡಿಸಿಕೊಂಡರು. ಗೊಲ್ಲಾಳಪ್ಪ ಇನ್ನೊಂದು ಹಾಳೆ ಮುಂದೆ ಸರಿಸಿದರು.

"ಭಕ್ತಿ ಜಾಮೀನಿಂದು. ನೀವು ಸಹಿ ಮಾಡಿದ್ರ ಇವತ್ತs ಮನಿಗೆ ಬರ್ತಾಳ."

ಮಂದಾಕಿನಿ ಪೆನ್‌ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದರು.

"ಮೊದಲು ಒಂದು ಆಟೋ ಕರೀರಿ. ದೀಪ ಹಚ್ಚೋ ಹೊತ್ತಾತು."