ಹಸಿರು ಕಂಕಣ

ನೀಲಾಳ ಮುಂಗೈಯ ಕಂಕಣ ಹಸಿರಾಗಿಯೇ ಇತ್ತು. ವೈದ್ಯಕೀಯ ಸೀಟು ಕೈತಪ್ಪಿದ ಸುದ್ದಿ ಬಂದಾಗಿನಿಂದ ಅವಳ ತಾಯಿ ನಿಹಾರಿಕಾ ಅದನ್ನು ನೋಡಿ ನೋಡಿಯೇ ಜೀವ ಹಿಡಿದುಕೊಂಡಿದ್ದಳು. ಬೆವರಿನಲ್ಲಿ ಒಸರುವ ಆತಂಕದ ರಸಾಯನವನ್ನೂ ನಾಡಿಯ ಓಟವನ್ನೂ ಅಳೆಯುವ ಬಳೆ ಅದು. ಮನಸ್ಸು ನೆಟ್ಟಗಿದ್ದರೆ ಹಸಿರು, ಕದಡಿದರೆ ಕೆಂಪು. ಇಪ್ಪತ್ತೊಂದನೇ ಶತಮಾನದ ಅರ್ಧ ಕಳೆದಿದ್ದ ಆ ಕಾಲದಲ್ಲಿ, ಧಾರವಾಡದಲ್ಲಿ ಪಿಯುಸಿ ಮಕ್ಕಳಿರುವ ಮನೆಗಳಲ್ಲೆಲ್ಲ ಅದು ಇದ್ದೇ ಇತ್ತು. ಫಲಿತಾಂಶದ ದಿನ ಹುಡುಗರು ಏನು ಮಾಡಿಕೊಂಡಾರೋ ಎಂದು ಹೆತ್ತವರು ಹೆದರಿ ಸಾಯುವುದು ಇನ್ನು ತಪ್ಪಿತು ಎಂದು ಪತ್ರಿಕೆಗಳು ಬರೆದಿದ್ದವು.

ನೆಂಟರು ಮಾತ್ರ ಬಿಡಬೇಕಲ್ಲ. "ಎಲ್ಲಿ ಸಿಕ್ತು ಸೀಟು?" ಎಂದು ಫೋನಿನ ಮೇಲೆ ಫೋನು. ನಿಹಾರಿಕಾ ಮಗಳ ಕೈಯನ್ನು ಪರದೆಗೆ ಹಿಡಿಯುತ್ತಿದ್ದಳು. "ಸೀಟು ಹೋದ್ರ ಹೋತು, ನಮ್ಮ ಹುಡುಗಿ ಗಟ್ಟಿ ಅದಾಳ. ನೋಡ್ರಿ, ಹಸಿರ ಐತಿ." ನೀಲಾ ನಗುತ್ತಿದ್ದಳು. ಆದರೆ ತಟ್ಟೆಯಲ್ಲಿ ಹಾಕಿದ ರೊಟ್ಟಿ ಹಾಗೇ ಉಳಿಯುತ್ತಿತ್ತು. ಕಡೆಗೆ ತಾಯಿ ತಡೆಯಲಾರದೆ ಮಗಳನ್ನು, ಕಂಕಣ ಕಂಡುಹಿಡಿದ ವಿಜ್ಞಾನಿ ಚಿನ್ಮಯಿ ಹಂಪಣ್ಣವರ ಬಳಿಗೆ ಕರೆದೊಯ್ದಳು.

ಕಂಕಣ ದಾಖಲಿಸಿದ್ದ ಏರಿಳಿತದ ಗೆರೆಯನ್ನು ನೋಡುತ್ತಲೇ ಚಿನ್ಮಯಿಯವರ ಮುಖ ಸಪ್ಪಗಾಯಿತು.

"ಇಷ್ಟು ಸಪಾಟ ಗೆರಿ ನನಗೂ ಬರಂಗಿಲ್ಲ. ಸೀಟು ಹೋದಾಗರ ಒಮ್ಮೆ ಕೆಂಪಾಗಬೇಕಿತ್ತು. ಹೆಂಗ ಹಿಡದಿಟ್ಟಿಯವ್ವಾ?"

ನೀಲಾ ತಲೆ ತಗ್ಗಿಸಿದಳು. "ಉಸಿರು ಸಣ್ಣಗ ಬಿಟ್ರ ಕೆಂಪಾಗಂಗಿಲ್ರಿ. ನಮ್ಮ ಕ್ಲಾಸಿನ್ಯಾಗ ಎಲ್ಲಾರೂ ಕಲ್ತಾರ."

"ಯಾಕ?"

"ಕೆಂಪಾದ್ರ ಅವ್ವನ ಕೈಕಾಲು ನಡಗತಾವ್ರಿ."

ನಿಹಾರಿಕಾಳಿಗೆ ಆಗ ಹೊಳೆಯಿತು. ಮಗಳನ್ನು ತಾನು ಕಾಯುತ್ತಿದ್ದೇನೆ ಅಂದುಕೊಂಡರೆ, ಆ ಹುಡುಗಿಯೇ ತನ್ನನ್ನು ಕಾಯುತ್ತಿದ್ದಳಲ್ಲ.

"ಇದಕ್ಕಿಂತ ಚಲೋದು ಮಾಡ್ರಿ ಮೇಡಂ," ಎಂದಳು. "ಆಕಿಗೆ ಮುಚ್ಚಿಡಾಕ ಬರಬಾರದು, ಅಂಥಾದ್ದು."

"ಮಾಡಬಹುದು. ಅದಕ್ಕೂ ಮೋಸ ಮಾಡೋದು ಕಲೀತಾರ." ಚಿನ್ಮಯಿ ಕೊಂಡಿ ಬಿಚ್ಚಿ ಕಂಕಣವನ್ನು ತೆಗೆದರು.

ಎಲ್ಲಿ ನೋಡಬೇಕೆಂದೇ ನಿಹಾರಿಕಾಳಿಗೆ ತಿಳಿಯಲಿಲ್ಲ. ಮಗಳ ಮುಖ ನೋಡಿದಳು. ಕಣ್ಣ ಕೆಳಗೆ ಕಪ್ಪಾಗಿತ್ತು, ತುಟಿ ಒಡೆದಿತ್ತು. ಎಷ್ಟು ದಿನದಿಂದ ಹೀಗಿತ್ತೋ. ಕೇಳಬೇಕಾದ ಮಾತು ಒಂದೇ ಇತ್ತು. ಕಂಕಣವಿಲ್ಲದ ಕಾಲದ ಹೆತ್ತವರಿಗೂ ಅದು ಬಾಯಿಗೆ ಬರುತ್ತಿರಲಿಲ್ಲ. ಕೇಳಿದರೆ ಎಲ್ಲಿ ನಿಜವಾಗಿಬಿಡುತ್ತದೋ ಎಂಬ ಹೆದರಿಕೆ.

"ನೀಲಾ, ಸಾಯಬೇಕು ಅನಸೇತೇನ ನಿನಗ?"

ಹುಡುಗಿ ಉಸಿರು ಸಣ್ಣಗೆ ಬಿಡಲು ನೋಡಿದಳು, ಆಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು.

"ಅನಸಿತ್ತವ್ವಾ. ನಿನಗ ಹೇಳಬೇಕಂತ ಬಾಜೂಕ ಬಂದು ಕುಂದರತಿದ್ದೆ. ನೀ ಬರೇ ಕೈ ನೋಡಿ ಎದ್ದು ಹೋಗತಿದ್ದಿ."