ದೇವರ ಮನೆಯ ಎಟಿಎಂ ಕಾರ್ಡು

2007ರ ನವೆಂಬರ್ 12, ಸೋಮವಾರ, ಬೆಳಿಗ್ಗೆ 10.20. ನಿವೃತ್ತ ಹೆಡ್‌ಮಾಸ್ಟರ್ ಜಯತೀರ್ಥ ಚಿತ್ತಾಪುರ ಠಾಣೆಗೆ ಬಂದು ನಾಲ್ಕು ಪುಟದ ದೂರನ್ನು ಇನ್‌ಸ್ಪೆಕ್ಟರ್ ರೇವಣಪ್ಪನವರ ಮುಂದಿಟ್ಟರು. ಅವರ ಪಿಂಚಣಿ ಖಾತೆಯಿಂದ ಯಾರೋ ಇಂಟರ್‌ನೆಟ್ಟಿನಲ್ಲಿ ರೈಲು ಟಿಕೆಟ್ ಕೊಂಡಿದ್ದರು. ಹೋದದ್ದು ಮುನ್ನೂರ ಹದಿನೆಂಟು ರೂಪಾಯಿ.

"ಇಷ್ಟಕ್ಕ ಎಫ್‌ಐಆರ್ ಬೇಕೇನ್ರಿ ಸರ್?" ಎಂದ ಹೆಡ್ ಕಾನ್‌ಸ್ಟೇಬಲ್ ಅಬ್ದುಲ್ ಸಲಾಂ.

"ರೊಕ್ಕದ ಮಾತಲ್ಲ. ಕಳವು ಕಳವೇ. ಮುಂಬೈ ಗ್ಯಾಂಗಿಂದೇ ಕೆಲಸ ಇದು, ಪೇಪರ್‌ನಾಗ ಓದೀನಿ."

ದೊಡ್ಡ ಊರುಗಳಲ್ಲಿ ಜನ ಕೂತಲ್ಲಿಂದಲೇ ಬೂಟು, ಮೊಬೈಲು ತರಿಸಿಕೊಳ್ಳುತ್ತಿದ್ದ ಕಾಲ. ಚಿತ್ತಾಪುರದಲ್ಲಿ ಇಂಟರ್‌ನೆಟ್ಟಿನಿಂದ ಜನ ಕೊಳ್ಳುತ್ತಿದ್ದ ಸರಕು ಒಂದೇ, ರೈಲು ಟಿಕೆಟ್ಟು. ಮೇಷ್ಟ್ರು ಜಗ್ಗಲಿಲ್ಲ. ಕಲಂ 420ರಡಿ ಪ್ರಕರಣ ದಾಖಲಾಯಿತು.

11.45ಕ್ಕೆ ಮನೆಯಲ್ಲಿ ಪಂಚನಾಮೆ. ಕಾರ್ಡು ದೇವರ ಮನೆಯ ಹಿತ್ತಾಳೆ ಪೆಟ್ಟಿಗೆಯಲ್ಲಿತ್ತು. ಪೊಲೀಸರು ಹೊಸ್ತಿಲಾಚೆ ನಿಂತರು. ಮೇಷ್ಟ್ರು ಇನ್ನೊಮ್ಮೆ ಸ್ನಾನ ಮಾಡಿ, ಮಡಿ ಉಟ್ಟು, ಪೆಟ್ಟಿಗೆ ತಂದು ತೋರಿಸಿದರು.

"ಕಾರ್ಡು ಇಲ್ಲೇ ಅದ. ಮತ್ತ ಕಳವು ಹ್ಯಾಂಗ ಆತು?" ಎಂದು ಅವರೇ ಕೇಳಿದರು.

"ಕಾರ್ಡು ಒಯ್ಯಬೇಕಂತಿಲ್ರಿ. ಅದರ ಮ್ಯಾಲಿನ ಅಂಕಿ ಬರಕೊಂಡ್ರ ಸಾಕು. ಇದನ್ನ ಯಾರ್‍ಯಾರು ಮುಟ್ತಾರ್ರಿ?" ಎಂದರು ರೇವಣಪ್ಪ.

"ಮಡಿ ಇಲ್ಲದವರು ಮುಟ್ಟಂಗೇ ಇಲ್ಲ. ನಾನು, ಇಲ್ಲಾ ನಮ್ಮ ಮನ್ಯಾಕಿ. ಮೂರನೇದವರ ನೆರಳೂ ಬಿದ್ದಿಲ್ಲ," ಎಂದರು ಮೇಷ್ಟ್ರು ಹೆಮ್ಮೆಯಿಂದ.

"ಅಮ್ಮಾರು ಎಲ್ಲಿ?"

"ಮಠಕ್ಕ ಹೋಗ್ಯಾಳ. ಮಠ ಬಿಟ್ರ ಮನಿ, ಮನಿ ಬಿಟ್ರ ಮಠ. ಮೂವತ್ತೆಂಟು ವರ್ಷದಾಗ ಬ್ಯಾರೆ ಎಲ್ಲೂ ಹೋದಾಕಿ ಅಲ್ಲ."

ಆರೋಪಿಯ ಹೆಸರನ್ನು ಫಿರ್ಯಾದಿಯೇ ಹೇಳಿ ಮುಗಿಸಿದ್ದರು. ಅದು ಅವರಿಗೇ ಗೊತ್ತಾಗಲಿಲ್ಲ. ರೇವಣಪ್ಪನವರಿಗೆ ಗೊತ್ತಾಯಿತು, ಗೊತ್ತಾದದ್ದು ಒಂದಿಷ್ಟೂ ಹಿಡಿಸಲಿಲ್ಲ.

1.30ಕ್ಕೆ ಬಸ್‌ಸ್ಟ್ಯಾಂಡ್ ಬಳಿಯ, ಊರಿಗೆಲ್ಲ ಒಂದೇ ಇಂಟರ್‌ನೆಟ್ ಅಂಗಡಿ. ಮಾಲೀಕ ಮಜೀದ ಏನನ್ನೂ ಮುಚ್ಚಿಡಲಿಲ್ಲ.

"ಹೆಡ್‌ಮಾಸ್ಟರ್ ಸರ್ ಮನಿಯವರು, ರುಕ್ಮಿಣಿಬಾಯಿ ಅಮ್ಮಾರು ಬಂದಿದ್ರು ಸಾಹೇಬ್ರ. ಅಂಕಿ ಎಲ್ಲಾ ಚೀಟಿ ಮ್ಯಾಲ ಬರಕೊಂಡು ಬಂದಿದ್ರು. ಕೈಯಾಗ ಒಂದು ರೂಪಾಯಿ ಇರಲಿಲ್ಲ."

"ಸ್ಟೇಷನ್‌ಗೆ ಹೋಗಿ ಯಾಕ ತಗೊಳ್ಳಿಲ್ಲ?"

"ಅಲ್ಲಿ ಟಿಕೆಟ್ ಕೊಡಾಂವ ಸರ್ ಅವರ ಶಿಷ್ಯ. ಊರಾಗ ಎಲ್ಲಾರೂ ಅವರ ಶಿಷ್ಯರೇ, ಎಲ್ಲಿ ಹೋದ್ರೂ ಮನಿಗೆ ಸುದ್ದಿ ಮುಟ್ಟತದ ಅಂದ್ರು."

"ಯಾವ ಗಾಡಿ?"

"ಇವತ್ತಿಂದೇ. ವಾಡಿಯಿಂದ ಪುಣಾ, ಮೂರೂವರಿಗೆ. ಮುಂಜಾನೆ ಬಸ್ ಚಾರ್ಜ್ ನಾನೇ ಕೊಟ್ಟೀನಿ. ಗುನ್ಹೆ ಆದ್ರ ಅದನ್ನೂ ಬರಕೋರಿ."

ರೇವಣಪ್ಪ ಅದನ್ನು ಬರೆದುಕೊಳ್ಳಲಿಲ್ಲ.

3.10ಕ್ಕೆ ಮಹಿಳಾ ಪೇದೆಯೊಂದಿಗೆ ಅವರು ವಾಡಿ ಜಂಕ್ಷನ್ ತಲುಪಿದರು. ಪ್ಲಾಟ್‌ಫಾರ್ಮಿನ ಬೆಂಚಿನ ತುದಿಯಲ್ಲಿ ಅರವತ್ತರ ರುಕ್ಮಿಣಿಬಾಯಿ ಕೂತಿದ್ದರು. ಮಡಿಲಲ್ಲಿ ಬಟ್ಟೆಯ ಚೀಲ. ಅದರಿಂದ ಬೆಲ್ಲ, ಒಣಶುಂಠಿಯ ವಾಸನೆ ಬರುತ್ತಿತ್ತು.

"ಚೀಲದಾಗ ಏನದರಿ?"

"ಬಾಣಂತಿಗೆ ಅಂಟಿನ ಉಂಡಿ. ಮಗಳು ಹಡದಾಳ, ತಿಂಗಳಾತು. ಕೂಸಿನ ಮುಖ ನೋಡಿಲ್ಲ."

"ಸರ್‌ಗೆ ಹೇಳಿ ಹೋಗಬಹುದಿತ್ತಲ್ರಿ?"

"ಪ್ರಮಿತಾ ಬ್ಯಾರೆ ಜಾತ್ಯಾಂವನ್ನ ಮದುವಿ ಆದಾಗ ಬದುಕಿದ್ದ ಮಗಳಿಗೆ ತಿಥಿ ಮಾಡಿದವರು ಅವರು. ನಾಲ್ಕು ವರ್ಷ ಆತು, ಆಕಿ ಹೆಸರು ಮನ್ಯಾಗ ಬಾಯಿಬಿಟ್ಟು ಅಂದಿಲ್ಲ ನಾನು."

ರೇವಣಪ್ಪ ಪಕ್ಕಕ್ಕೆ ಸರಿದು ಮೇಷ್ಟ್ರಿಗೆ ಫೋನು ಹಚ್ಚಿದರು. "ಟಿಕೆಟ್ ತಗೊಂಡವರು ನಿಮ್ಮ ಮನಿಯವರೇ. ಪ್ರಮಿತಾ ಹತ್ರ ಹೊಂಟಾರ. ದೂರು ಹಿಂದಕ್ಕ ತಗೋರಿ ಸರ್, ಗಾಡಿ ಬರ್ಲಿಕತ್ತದ."



"ಆ ಹೆಸರಿನಾಕಿ ಸತ್ತಾಳ. ನೀವು ಕಾಯ್ದೆ ಪ್ರಕಾರ ಮಾಡ್ರಿ," ಎಂದು ಮೇಷ್ಟ್ರು ಫೋನಿಟ್ಟರು.

ಗಾಡಿ ಬಂತು, ಮೂರು ನಿಮಿಷ ನಿಂತಿತು. ರುಕ್ಮಿಣಿಬಾಯಿ ಎದ್ದು ನಿಂತು ಬೋಗಿಯನ್ನೂ ಇನ್‌ಸ್ಪೆಕ್ಟರನ್ನೂ ನೋಡಿದರು. ರೇವಣಪ್ಪ ತಲೆ ತಗ್ಗಿಸಿದರು. ಬಿಟ್ಟುಬಿಡಬೇಕೆಂದು ಅವರ ಜೀವ ಹೇಳುತ್ತಿತ್ತು, ಆದರೆ ಎಫ್‌ಐಆರ್ ಆಗಿಹೋಗಿತ್ತು. ಗಾಡಿ 3.34ಕ್ಕೆ ಹೊರಟಿತು.

3.40ಕ್ಕೆ ಬಂಧನದ ಮೆಮೋ ಬರೆಯಲು ಕೂತರು. ಯಾರಿಗೆ ಸುದ್ದಿ ಮುಟ್ಟಿಸಬೇಕೆಂದು ಆರೋಪಿಯನ್ನು ಕೇಳಲೇಬೇಕಿತ್ತು, ಕೇಳಿದರು.

"ಪ್ರಮಿತಾ. ನನ್ನ ಮಗಳು," ಎಂದರು ರುಕ್ಮಿಣಿಬಾಯಿ. ಫೋನ್ ನಂಬರು ಬಾಯಿಪಾಠವಿತ್ತು. ಬರೆದದ್ದು ಮುಗಿಯುವ ತನಕ ಕಾದು, ಸಣ್ಣ ದನಿಯಲ್ಲಿ ಕೇಳಿದರು.

"ಆಕಿ ನನ್ನ ನೋಡಲಿಕ್ಕೆ ಜೈಲಿಗೆ ಬಂದ್ರ, ಅಲ್ಲಿ ಯಾರೂ ಬ್ಯಾಡ ಅನ್ನಂಗಿಲ್ಲಲ್ರಿ?"

"ಅನ್ನಂಗಿಲ್ರಿ ಅಮ್ಮಾ."

"ಹಂಗಾದ್ರ ನಡೀರಿ," ಎಂದು ಅವರು ಚೀಲ ಎತ್ತಿಕೊಂಡು ಎಲ್ಲರಿಗಿಂತ ಮೊದಲು ಜೀಪು ಹತ್ತಿದರು.